ಹುತ್ತರಿಗೆ ಮುಂಚೆ ಮೆಕಾಂಗ್: ಗೆಳತಿಯರೊಂದಿಗೆ ಲುವಾಂಗ್ ಪ್ರಬಾಂಗ್‌ಗೆ ಹೋಗಿಬರುವ ಬಗೆ

ಕಾಫಿ ತೋಟದವರಿಗೆ ಊರು ಬಿಡಲು ಸಿಗುವ ದಿನಗಳು ಬೆರಳೆಣಿಕೆಯಷ್ಟು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು ಮತ್ತು ಕಣದ ಕೆಲಸ, ಮಾರ್ಚ್‌ನಲ್ಲಿ ಹೂಮಳೆಯ ಚಿಂತೆ, ಮಳೆಗಾಲಕ್ಕೆ ಮುನ್ನ ಮರಗಸಿ (ನೆರಳುಮರಗಳ ಕೊಂಬೆ ಸವರುವುದು), ಆಮೇಲೆ ನಾಲ್ಕು ತಿಂಗಳು ಮಳೆ. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಮುಗಿದ ಮೇಲೆ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಕದಿರು ಮನೆಗೆ ಬರುವುದಕ್ಕೆ ಮೊದಲು, ಕೆಲವು ವಾರಗಳ ಬಿಡುವು ಸಿಗುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಆ ಬಿಡುವು ಹಿಡಿದುಕೊಂಡು ನಾವು ನಾಲ್ವರು ಹೊರಟೆವು. ಮಡಿಕೇರಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಈಗ ಒಬ್ಬಳು ಗೋಣಿಕೊಪ್ಪದಲ್ಲಿ, ಒಬ್ಬಳು ಸುಂಟಿಕೊಪ್ಪದಲ್ಲಿ, ಒಬ್ಬಳು ಕುಶಾಲನಗರದಲ್ಲಿ, ನಾನು ಕಾವೇರಿಯ ದಡದ ನೆಲ್ಯಹುದಿಕೇರಿಯಲ್ಲಿ. ನಾಲ್ವರಿಗೂ ನಲವತ್ತು ದಾಟಿದೆ.

ಹೋದದ್ದು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ಗೆ. ಮೆಕಾಂಗ್ ನದಿಗೆ ನಾಮ್ ಖಾನ್ ನದಿ ಬಂದು ಸೇರುವ ಕಡೆ, ಎರಡು ನೀರಿನ ನಡುವೆ ನಾಲಿಗೆಯಂತೆ ಚಾಚಿದ ನೆಲದ ಮೇಲಿರುವ ಊರು. ಒಂದು ಕಾಲದಲ್ಲಿ ರಾಜಧಾನಿ. 1995ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಭಾಗಮಂಡಲದ ಸಂಗಮವನ್ನು ನೋಡುತ್ತಾ ಬೆಳೆದವರಿಗೆ ಆ ಊರಿನ ಮರ್ಮ ಬೇಗ ಅರ್ಥವಾಗುತ್ತದೆ. ಎರಡು ನದಿಗಳು ಕೂಡುವ ಜಾಗವನ್ನು ಜನ ಸುಮ್ಮನೆ ಬಿಡುವುದಿಲ್ಲ, ಅಲ್ಲಿ ದೇವರನ್ನು ಕೂರಿಸುತ್ತಾರೆ.

ನಮ್ಮ ಹುಡುಗಿಯರು, ಸೊಸೆಯಂದಿರು, ತೋಟದ ಪಕ್ಕದ ಮನೆಯವರು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಏಜೆಂಟರಿಲ್ಲದೆ, ಬೆನ್ನಿಗೆ ಚೀಲ ಹಾಕಿಕೊಂಡು ಹೇಗೆ ಹೋಗಿಬಂದಿರಿ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಿನಗಳ ಲೆಕ್ಕ ಮೊದಲು. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಮಳೆ ಬಹಳ ಕಡಿಮೆ, ಬೆಳಿಗ್ಗೆ ತಣ್ಣಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಗುಡ್ಡಗಳಲ್ಲಿ ಕುಮರಿ ಬೇಸಾಯಕ್ಕೆ ಬೆಂಕಿ ಹಾಕುವುದರಿಂದ ಉತ್ತರ ಲಾವೋಸ್ ತುಂಬ ಹೊಗೆ. ಉಬ್ಬಸ ಇರುವವರು ಆಗ ಹೋಗಲೇಬಾರದು. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ನಮ್ಮ ಬಿಸು ಹಬ್ಬದ ಆಸುಪಾಸಿನಲ್ಲೇ ಬರುತ್ತದೆ. ಬೀದಿಬೀದಿಯಲ್ಲಿ ನೀರು ಎರಚುತ್ತಾರೆ, ಕೋಣೆ ಸಿಗುವುದು ಕಷ್ಟ. ಅಕ್ಟೋಬರ್ ಕೊನೆಯಲ್ಲಿ ಹೊರಟರೆ ನದಿ ಇನ್ನೂ ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಜನಜಂಗುಳಿ ಇನ್ನೂ ಶುರುವಾಗಿರುವುದಿಲ್ಲ. ಒಟ್ಟು ಹನ್ನೊಂದು ದಿನ ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕು ರಾತ್ರಿಯಾದರೂ ಆ ಊರಿಗೆ ಕೊಡಿ. ಶನಿವಾರ ಬಂದು ಭಾನುವಾರ ಮಧ್ಯಾಹ್ನದೊಳಗೆ ರಾಜಾಸೀಟು, ಅಬ್ಬಿ, ದುಬಾರೆ, ತಲಕಾವೇರಿ ಮುಗಿಸಿ ಹೋಗುವ ಕಾರುಗಳನ್ನು ನಾವು ದಿನವೂ ನೋಡುತ್ತೇವೆ. ಅವರಿಗೆ ಕೊಡಗು ಕಂಡಿತೇ? ಆ ತಪ್ಪನ್ನು ಇನ್ನೊಬ್ಬರ ಊರಿಗೆ ಹೋಗಿ ನಾವು ಮಾಡಬಾರದು ಎಂದು ಹೊರಡುವ ಮೊದಲೇ ನಾಲ್ವರೂ ಮಾತಾಡಿಕೊಂಡಿದ್ದೆವು.

ಒಟ್ಟು ಸಂಚಿ ಮತ್ತು ಅರ್ಧ ದಿನದ ರಜೆ

ಗೆಳತಿಯರ ಪ್ರವಾಸ ಕೆಡುವುದು ಎರಡು ಕಾರಣಕ್ಕೆ: ಹಣ ಮತ್ತು ಹಸಿವು. ಹಣಕ್ಕೆ ನಾವು ಕಂಡುಕೊಂಡ ದಾರಿ ಹೀಗಿದೆ. ತಲಾ 150 ಡಾಲರ್ ಹಾಕಿ ಒಂದು ಜಿಪ್ ಚೀಲ ಮಾಡಿದೆವು. ಕೋಣೆ, ದೋಣಿ, ವ್ಯಾನು, ಊಟ ಎಲ್ಲವೂ ಅದರಿಂದ. ಸ್ವಂತಕ್ಕೆ ಕೊಳ್ಳುವ ಸೀರೆ, ಸ್ಕಾರ್ಫು, ಎರಡನೆಯ ಕಾಫಿ ಅವರವರ ಕೈಯಿಂದ. ಸಂಚಿ ದಿನಕ್ಕೊಬ್ಬರ ಬಳಿ. ಯಾರ ಬಳಿ ಸಂಚಿಯೋ ಆ ದಿನದ ತೀರ್ಮಾನವೂ ಅವರದ್ದೇ. ಎಲ್ಲಿ ಉಣ್ಣಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಉಳಿದ ಮೂವರು ಪ್ರಶ್ನಿಸುವಂತಿಲ್ಲ. ಈ ಒಂದು ನಿಯಮದಿಂದ ಎಷ್ಟು ನೆಮ್ಮದಿಯಾಯಿತೆಂದರೆ, ಮನೆಗೆ ಬಂದ ಮೇಲೂ ನಾವು ಅದನ್ನೇ ನೆನೆಯುತ್ತೇವೆ. ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಏನು ಅಡುಗೆ ಎಂದು ಯೋಚಿಸುವ ಹೆಂಗಸರಿಗೆ ನಾಲ್ಕರಲ್ಲಿ ಮೂರು ದಿನ ಏನನ್ನೂ ಯೋಚಿಸದೆ ಇರುವುದು ದೊಡ್ಡ ವಿಶ್ರಾಂತಿ.

ಇನ್ನೊಂದು ನಿಯಮ, ಎರಡು ದಿನಕ್ಕೊಮ್ಮೆ ಅರ್ಧ ದಿನ ಎಲ್ಲರೂ ಬೇರೆ ಬೇರೆ. ಒಬ್ಬಳು ಮಲಗಲಿ, ಒಬ್ಬಳು ಗುಡಿಗೆ ಹೋಗಲಿ. ಸಂಜೆ ಇಂಥ ಹೊತ್ತಿಗೆ ಇಂಥ ಕಡೆ ಸೇರಬೇಕು ಎಂದು ಹೇಳಿ ಬಿಡಬೇಕು. ಒಟ್ಟಿಗೆ ಬಂದಿದ್ದೇವೆಂದು ಹನ್ನೊಂದು ದಿನ ಒಬ್ಬರಿಗೊಬ್ಬರು ಅಂಟಿಕೊಂಡರೆ ಮೂವತ್ತು ವರ್ಷದ ಸ್ನೇಹಕ್ಕೂ ಆಯಾಸವಾಗುತ್ತದೆ. ನಡೆಯುವಾಗ ಮಾತ್ರ ಎಲ್ಲರಿಗಿಂತ ನಿಧಾನ ನಡೆಯುವವಳು ಮುಂದೆ ಇರಬೇಕು. ಸುಂಟಿಕೊಪ್ಪದವಳಿಗೆ ಮಂಡಿ ನೋವು. ಅವಳನ್ನು ಮುಂದೆ ಬಿಟ್ಟದ್ದರಿಂದ ನಾವು ಎಷ್ಟೋ ನೋಡಿದೆವು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಬೇಕು. ಲಾವೋಸ್‌ಗೆ ಭಾರತೀಯರು ಗಡಿಯಲ್ಲೇ ವೀಸಾ ಪಡೆಯಬಹುದು. ನಾವು ತಲಾ 40 ಡಾಲರ್ ಕೊಟ್ಟೆವು. ಥಾಯ್ಲೆಂಡಿಗೆ ಆಗ ವೀಸಾ ಬೇಕಿರಲಿಲ್ಲ, ಆದರೆ ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ವಾರವೇ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. 2025ರ ಮೇ ತಿಂಗಳಿನಿಂದ ಥಾಯ್ಲೆಂಡಿಗೆ ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ಆಗಮನ ಚೀಟಿ ತುಂಬಬೇಕು. ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ, ಆಸ್ಪತ್ರೆಯಿಂದ ಬೇರೆ ದೇಶಕ್ಕೆ ಸಾಗಿಸುವ ಖರ್ಚನ್ನೂ ಸೇರಿಸಿದ ಪ್ರಯಾಣ ವಿಮೆ, ಇವೆರಡನ್ನು ಮರೆಯಬೇಡಿ. ಲುವಾಂಗ್ ಪ್ರಬಾಂಗ್‌ನಲ್ಲಿ ದೊಡ್ಡ ಚಿಕಿತ್ಸೆಯ ಅನುಕೂಲ ಕಡಿಮೆ, ಗಂಭೀರವಾದರೆ ಥಾಯ್ಲೆಂಡಿಗೆ ಕರೆದೊಯ್ಯುತ್ತಾರೆ.

ಡಾಲರ್ ನೋಟುಗಳನ್ನು ಇಲ್ಲೇ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳಿ. ನಾವು ಊರಿನಲ್ಲಿ ಬದಲಾಯಿಸಿಕೊಂಡಾಗ ಹಾಗೆ ಮಾಡಲಿಲ್ಲ. ಗಡಿಯ ಕಿಟಕಿಯಲ್ಲಿ ಗೋಣಿಕೊಪ್ಪದವಳ ನೋಟಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತೆಂದು ಮರಳಿಸಿಬಿಟ್ಟರು. ಒಟ್ಟು ಸಂಚಿಯಲ್ಲಿ ಗರಿಗರಿಯಾದ ಇನ್ನೊಂದು ನೋಟು ಇದ್ದದ್ದರಿಂದ ಪಾರಾದೆವು. ಲಾವೋಸ್‌ನ ಹಣ ಕಿಪ್. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 250 ಕಿಪ್. ಲೆಕ್ಕ ಸುಲಭ: ಕೊನೆಯ ಮೂರು ಸೊನ್ನೆ ತೆಗೆದು ನಾಲ್ಕರಿಂದ ಗುಣಿಸಿ. 50,000 ಕಿಪ್ ಎಂದರೆ 200 ರೂಪಾಯಿ. ದರ ಬದಲಾಗಿದ್ದರೆ ಗುಣಿಸುವ ಅಂಕಿಯನ್ನು ಬದಲಾಯಿಸಿಕೊಳ್ಳಿ. ಆ ದೇಶದ ಹೊರಗೆ ಕಿಪ್ ಬದಲಾಯಿಸುವುದು ಬಹಳ ಕಷ್ಟ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಳ್ಳಿ.

ಚೀಲ ಏಳೆಂಟು ಕಿಲೋ ಮೀರಬಾರದು. ಹೊತ್ತುಕೊಂಡು ತೋಟದ ಏರಿನಲ್ಲಿ ಅರ್ಧ ಗಂಟೆ ನಡೆದು ನೋಡಿ. ಉಸಿರು ಕಟ್ಟಿದರೆ ಅರ್ಧ ಬಟ್ಟೆ ತೆಗೆದಿಡಿ. ಮಂಡಿ ಮುಚ್ಚುವ ಎರಡು ಲಂಗ ಅಥವಾ ಸಡಿಲ ಪ್ಯಾಂಟು, ಹೆಗಲು ಮುಚ್ಚುವ ಅಂಗಿ, ಒಂದು ಹತ್ತಿಯ ಲುಂಗಿ (ಹೊದೆಯಲು, ಹಾಸಲು, ಜಲಪಾತದ ಬಳಿ ಬಟ್ಟೆ ಬದಲಿಸಲು, ಎಲ್ಲದಕ್ಕೂ), ತಲೆಗೆ ಕಟ್ಟುವ ಟಾರ್ಚು, ಓಆರ್‌ಎಸ್ ಪೊಟ್ಟಣ, ಸೊಳ್ಳೆಗೆ ಹಚ್ಚುವ ಮುಲಾಮು. ಒತ್ತಿದರೆ ಚಿಮ್ಮುವ ಡಬ್ಬಿಗಳನ್ನು ಒಯ್ಯಬೇಡಿ, ಅಲ್ಲಿನ ರೈಲು ನಿಲ್ದಾಣದ ತಪಾಸಣೆಯಲ್ಲಿ ಅವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಕತ್ತರಿ, ಚಾಕುವಿನ ಗತಿಯೂ ಅದೇ. ಉಳಿದ ಜಾಗದಲ್ಲಿ ನಾನು ಮನೆಯ ಕಾಫಿಪುಡಿ ಮತ್ತು ಕಾಳುಮೆಣಸಿನ ಸಣ್ಣ ಪೊಟ್ಟಣಗಳನ್ನು ಇಟ್ಟುಕೊಂಡಿದ್ದೆ. ಉಳಿದುಕೊಂಡ ಮನೆಗಳಿಗೆ ಕೊಡಲು ಅದಕ್ಕಿಂತ ಒಳ್ಳೆಯದು ನಮ್ಮಲ್ಲಿ ಏನಿದೆ?

ನದಿಯ ಮೇಲೆ ಎರಡು ದಿನ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗಿನ ನೇರ ವಿಮಾನ. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ ಇರುವುದರಿಂದ ಮೆಜೆಸ್ಟಿಕ್‌ನಲ್ಲಿ ಇಳಿದು ಪರದಾಡಬೇಕಿಲ್ಲ. ಬ್ಯಾಂಕಾಕ್‌ನಿಂದ ಲುವಾಂಗ್ ಪ್ರಬಾಂಗ್‌ಗೂ ವಿಮಾನವಿದೆ. ಆದರೆ ನನ್ನ ಮಾತು ಕೇಳುವುದಾದರೆ ಹಾಗೆ ಹೋಗಬೇಡಿ. ನದಿಯ ಊರಿಗೆ ನದಿಯಿಂದಲೇ ಹೋಗಿ.

ದಾರಿ ಹೀಗೆ: ಬ್ಯಾಂಕಾಕ್‌ನಿಂದ ಉತ್ತರದ ಚಿಯಾಂಗ್ ರಾಯ್‌ಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ಕುಳಿತರೆ ಗಡಿಯ ಚಿಯಾಂಗ್ ಖೋಂಗ್. ಮೆಕಾಂಗ್ ಮೇಲೆ 2013ರಲ್ಲಿ ತೆರೆದ ನಾಲ್ಕನೆಯ ಸ್ನೇಹ ಸೇತುವೆಯನ್ನು ಬಸ್ಸಿನಲ್ಲೇ ದಾಟಬೇಕು, ನಡೆಯಲು ಬಿಡುವುದಿಲ್ಲ. ಆಚೆ ದಡದ ಹುವಾಯ್ ಸಾಯ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ದೋಣಿಕಟ್ಟೆಗೆ ಎಂಟೂವರೆಗೇ ಹೋಗಿ ಟಿಕೆಟ್ ತೆಗೆದುಕೊಂಡು ಮುಂಭಾಗದಲ್ಲಿ ಜಾಗ ಹಿಡಿಯಿರಿ. ಎಂಜಿನ್ ಹಿಂಬದಿಯಲ್ಲಿದೆ, ಅದರ ಬಳಿ ಕುಳಿತರೆ ಎರಡು ದಿನ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕ ಕುಳಿತ ಹಾಗೆಯೇ. ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟಿರುತ್ತಾರೆ. ದೋಣಿಯಲ್ಲಿ ಸಿಗುವುದು ನೂಡಲ್ಸ್, ಬಿಸ್ಕತ್ತು, ಬಿಯರ್. ಊಟ ಕಟ್ಟಿಕೊಂಡೇ ಹತ್ತಬೇಕು: ಅಂಟಕ್ಕಿ ಅನ್ನ, ಸುಟ್ಟ ಕೋಳಿ, ಬಾಳೆಹಣ್ಣು, ನೀರು.

ಸುಮಾರು 300 ಕಿಲೋಮೀಟರ್ ದೂರವನ್ನು ಈ ದೋಣಿ ಎರಡು ಹಗಲಿನಲ್ಲಿ ಸಾಗುತ್ತದೆ. ರಾತ್ರಿ ಪಾಕ್‌ಬೆಂಗ್ ಎಂಬ ಗುಡ್ಡದ ಇಳಿಜಾರಿನ ಊರಿನಲ್ಲಿ ತಂಗು. 'ಪಾಕ್' ಎಂದರೆ ಅವರ ಮಾತಿನಲ್ಲಿ ಬಾಯಿ. ಬೆಂಗ್ ನದಿ ಮೆಕಾಂಗ್‌ಗೆ ಬಾಯಿಡುವ ಜಾಗ ಪಾಕ್‌ಬೆಂಗ್. ಊ ನದಿ ಬಾಯಿಡುವ ಜಾಗ ಪಾಕ್ ಊ. ಇದು ಗೊತ್ತಾದ ಮೇಲೆ ನಕ್ಷೆಯಲ್ಲಿ ಊರಿನ ಹೆಸರು ನೋಡಿಯೇ ಎಲ್ಲಿ ಹೊಳೆ ಸೇರುತ್ತದೆಂದು ಹೇಳಬಹುದು.

ಮೊದಲ ಎರಡು ಗಂಟೆ ಎಲ್ಲರೂ ಫೋಟೊ ತೆಗೆಯುತ್ತಾರೆ. ಮೂರನೆಯ ಗಂಟೆಗೆ ಬೇಸರ ಶುರುವಾಗುತ್ತದೆ. ಆಗ ಮೊಬೈಲ್ ತೆಗೆಯದೆ ಸುಮ್ಮನಿದ್ದುಬಿಡಿ. ನಾಲ್ಕನೆಯ ಗಂಟೆಗೆ ಕಣ್ಣು ಬೇರೆ ರೀತಿ ನೋಡತೊಡಗುತ್ತದೆ. ಮರಳದಿಬ್ಬದ ಮೇಲೆ ನೀರು ಇಳಿದ ಹಾಗೆ ಸೊಪ್ಪು ತರಕಾರಿ ನೆಟ್ಟಿರುವುದು, ಕಲ್ಲಿನ ಸಂದಿಗೆ ಬಿದಿರ ಕೋಲು ಸಿಕ್ಕಿಸಿ ಬಲೆ ಕಟ್ಟಿರುವುದು, ಎಮ್ಮೆಗಳು ಕೊರಳುದ್ದ ನೀರಲ್ಲಿ ನಿಂತಿರುವುದು, ಶಾಲೆ ಬಿಟ್ಟ ಮಕ್ಕಳು ದಡದಿಂದ ಧುಮುಕುವುದು. ಕಾವೇರಿ ಹುಟ್ಟಿನಿಂದ ಸಮುದ್ರದವರೆಗೆ ಸುಮಾರು 800 ಕಿಲೋಮೀಟರ್ ಹರಿಯುತ್ತಾಳೆ; ಮೆಕಾಂಗ್ 4,000ಕ್ಕೂ ಹೆಚ್ಚು, ಟಿಬೆಟ್‌ನ ಎತ್ತರದಿಂದ ಆರು ದೇಶಗಳನ್ನು ಮುಟ್ಟಿಕೊಂಡು. ಅಷ್ಟು ದೊಡ್ಡ ನೀರಿನ ಮೇಲೆ ಕುಳಿತರೂ ನನ್ನ ಕಣ್ಣು ಹುಡುಕುತ್ತಿದ್ದುದು ನಮ್ಮ ದಡದಲ್ಲಿರುವಂಥ ಚಿಕ್ಕ ವಸ್ತುಗಳನ್ನೇ.

ಎರಡನೆಯ ದಿನ ಸಂಜೆ ಪಾಕ್ ಊ ಬಳಿ ಸುಣ್ಣಕಲ್ಲಿನ ಬಂಡೆಯಲ್ಲಿ ಗುಹೆಗಳು ಕಾಣುತ್ತವೆ, ಒಳಗೆ ಸಾವಿರಾರು ಬುದ್ಧನ ಪ್ರತಿಮೆಗಳಿವೆ. ಅದೇ ಸುತ್ತಿನಲ್ಲಿ ದೊಡ್ಡ ಅಣೆಕಟ್ಟೊಂದರ ಕೆಲಸವೂ ನಡೆಯುತ್ತಿದೆ. ಹಸಿರು ಗುಡ್ಡವನ್ನು ಸೀಳಿದ ಕೆಂಪು ಮಣ್ಣು ಕಂಡಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಕೆಲಸ ಮುಂದುವರಿದಂತೆ ದೋಣಿಯ ಓಡಾಟ ಬದಲಾಗಬಹುದು, ಹುವಾಯ್ ಸಾಯ್‌ನಲ್ಲಿ ವಿಚಾರಿಸಿಕೊಂಡೇ ಯೋಜನೆ ಮಾಡಿ. ದೋಣಿ ಇಳಿಸುವ ಕಟ್ಟೆ ಊರಿನಿಂದ ಹತ್ತು ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ಹಂಚಿಕೊಂಡು ಹೋಗುವ ಟುಕ್‌ಟುಕ್ ಹಿಡಿಯಬೇಕು.

ಗೋಡೆಯ ಮೇಲಿನ ಗೆರೆ

ಕೋಣೆಯನ್ನು ನಾಮ್ ಖಾನ್ ಬದಿಯ ಓಣಿಗಳಲ್ಲಿ ಹುಡುಕಿ. ಮೆಕಾಂಗ್ ಬದಿಗಿಂತ ಶಾಂತ. ಮೊದಲ ರಾತ್ರಿ ಮಾತ್ರ ಮೊದಲೇ ಕಾದಿರಿಸಿ, ಉಳಿದದ್ದನ್ನು ನಡೆದು ನೋಡಿ ಗೊತ್ತುಮಾಡಿಕೊಳ್ಳಿ.

ನಾವು ಉಳಿದ ಮನೆಯ ಅಜ್ಜಿಗೆ ನಮ್ಮ ಮಾತು ಬಾರದು, ನಮಗೆ ಅವರ ಮಾತು ಬಾರದು. ಎರಡನೆಯ ಬೆಳಿಗ್ಗೆ ನಾನು ಕೆಳಗಿನ ಅಂಗಳದಲ್ಲಿ ಕುಳಿತಿದ್ದಾಗ ಅವರು ಗೋಡೆಯ ಕಡೆ ಕೈ ತೋರಿಸಿದರು. ಮಂಡಿಯ ಎತ್ತರದಲ್ಲಿ ಕಂದು ಗೆರೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತದ ಮಳೆಗೆ ಉತ್ತರ ಲಾವೋಸ್‌ನಲ್ಲಿ ನದಿಗಳು ಉಕ್ಕಿದ್ದವು. ಅಜ್ಜಿ ಎರಡೂ ಕೈಗಳಿಂದ ನೀರು ಏರಿದ್ದನ್ನು ತೋರಿಸಿದರು, ಆಮೇಲೆ ಪೊರಕೆ ಹಿಡಿದು ಕೆಸರು ಗುಡಿಸಿದಂತೆ ಮಾಡಿದರು. ನಾನು ಮೊಬೈಲ್‌ನಲ್ಲಿ 2019ರ ಆಗಸ್ಟ್‌ನ ಫೋಟೊ ಹುಡುಕಿ ತೋರಿಸಿದೆ: ಕಾವೇರಿ ನೆಲ್ಯಹುದಿಕೇರಿಯ ಮನೆಗಳೊಳಗೆ ಬಂದ ದಿನಗಳದ್ದು, ನಮ್ಮ ಉಗ್ರಾಣದ ಗೋಡೆಯಲ್ಲೂ ಅಂಥದೇ ಗೆರೆ. ಅವರು ಫೋಟೊವನ್ನು ಬೆರಳಿನಿಂದ ಸವರಿ, ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಮರುದಿನದಿಂದ ಅವರ ಮನೆಯ ಅಡುಗೆಯಲ್ಲಿ ನಮಗೂ ಒಂದು ಪಾಲು.

ಆ ಊರಿನಲ್ಲಿ ನಸುಕಿಗೆ ನಡೆಯುವ ಭಿಕ್ಷೆಯ ಸಾಲು, ತಾಕ್ ಬಾತ್, ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಬೆಳಗಾಗುವ ಹೊತ್ತಿಗೆ ಕಾವಿ ಉಟ್ಟ ಭಿಕ್ಷುಗಳು ಒಬ್ಬರ ಹಿಂದೊಬ್ಬರು ಬರಿಗಾಲಿನಲ್ಲಿ ಬರುತ್ತಾರೆ, ಊರವರು ಅಂಟಕ್ಕಿ ಅನ್ನ ಹಾಕುತ್ತಾರೆ. ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ, ಈ ಅನ್ನವೇ ಆ ದಿನದ ಊಟ. ಬೈಲುಕುಪ್ಪೆಯ ಲಾಮಾಗಳನ್ನು ಕುಶಾಲನಗರದ ಸಂತೆಯಲ್ಲಿ ನೋಡುತ್ತಾ ಬೆಳೆದ ನಮಗೆ ಭಿಕ್ಷುಗಳು ಹೊಸಬರಲ್ಲ; ಆದರೆ ಇದು ಥೇರವಾದ ಎಂಬ ಬೌದ್ಧ ಪಂಥದ ಪದ್ಧತಿ, ಬೇರೆಯೇ ಶಿಸ್ತು.

ಇಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಕಂಡದ್ದು ನನ್ನನ್ನು ನೋಯಿಸಿತು. ಮುಖ್ಯ ಬೀದಿಯಲ್ಲಿ ಕೆಲವರು ಭಿಕ್ಷುಗಳ ಮುಖಕ್ಕೆ ಮಾರುದೂರದಿಂದ ಫ್ಲಾಶ್ ಹೊಡೆಯುತ್ತಿದ್ದರು. ತೀರ್ಥೋದ್ಭವದ ಘಳಿಗೆಯಲ್ಲಿ ತೀರ್ಥ ಉಕ್ಕುವ ಕುಂಡಿಕೆಯ ಕಡೆ ನೋಡದೆ ಮೊಬೈಲ್ ಎತ್ತಿ ಹಿಡಿದವರ ನಡುವೆ ಸಿಕ್ಕಿಬಿದ್ದಾಗ ಎದೆಯಲ್ಲಿ ಆಗುವ ಸಂಕಟವೇ ಅಲ್ಲೂ ಆಯಿತು. ಮರುದಿನ ನಾವು ಬೀದಿ ಬಿಟ್ಟು ಒಳಗಿನ ಓಣಿಯಲ್ಲಿ ನಿಂತೆವು. ನೀವೂ ಹಾಗೇ ಮಾಡಿ. ಅನ್ನ ಹಾಕುವ ಮನಸ್ಸಿಲ್ಲದಿದ್ದರೆ ರಸ್ತೆಯ ಆಚೆ ಬದಿಯಲ್ಲಿ ಮಾತಿಲ್ಲದೆ ನಿಂತು ನೋಡಿ, ಕ್ಯಾಮೆರಾ ಕೋಣೆಯಲ್ಲಿ ಬಿಡಿ. ಅನ್ನ ಹಾಕುವುದಾದರೆ ರಸ್ತೆಬದಿಯಲ್ಲಿ ಪ್ರವಾಸಿಗರಿಗೆಂದೇ ಮಾರುವ ಅನ್ನ ಕೊಳ್ಳಬೇಡಿ. ಹಿಂದಿನ ಸಂಜೆಯೇ ಮನೆಯವರಿಗೆ ಹೇಳಿದರೆ ಬಿಸಿಯಾಗಿ ಬೇಯಿಸಿ ಕೊಡುತ್ತಾರೆ. ಚಪ್ಪಲಿ ಬಿಟ್ಟು, ಹೆಗಲು ಮುಚ್ಚಿ, ಚಾಪೆಯ ಮೇಲೆ ಮಂಡಿಯೂರಿ, ಭಿಕ್ಷುಗಳಿಗಿಂತ ತಲೆ ತಗ್ಗಿರುವಂತೆ ಕುಳಿತುಕೊಳ್ಳಿ. ಹೆಂಗಸರ ಕೈ ಅವರಿಗಾಗಲಿ ಪಾತ್ರೆಗಾಗಲಿ ತಾಗಬಾರದು.

ನಾವು ಉಳಿದಿದ್ದ ಮನೆಯ ಅಜ್ಜಿ ಮಾಡಿದ್ದನ್ನು ನೋಡಿ ಕಲಿತೆವು. ಬುಟ್ಟಿಯನ್ನು ಮೊದಲು ಹಣೆಯವರೆಗೆ ಎತ್ತಿ ಒಂದು ಕ್ಷಣ ಹಿಡಿದರು. ಆಮೇಲೆ ಬೆರಳ ತುದಿಯಲ್ಲಿ ನೆಲ್ಲಿಕಾಯಿಯಷ್ಟು ಅನ್ನ ಮುರಿದು ಒಂದೊಂದು ಪಾತ್ರೆಗೂ ಬಿಟ್ಟರು. ಕಣ್ಣು ನೆಲ ನೋಡುತ್ತಿತ್ತು, ಕೈ ತಾನಾಗಿ ಓಡುತ್ತಿತ್ತು. ಸಾಲಿನ ಕೊನೆಯಲ್ಲಿ ಹತ್ತು ವರ್ಷದ ಮರಿಭಿಕ್ಷುವೊಬ್ಬ ತನ್ನ ಪಾತ್ರೆಯಿಂದ ಒಂದು ಹಿಡಿ ತೆಗೆದು ಗೋಡೆಯ ಬಳಿ ಬುಟ್ಟಿ ಹಿಡಿದು ಕುಳಿತಿದ್ದ ಬಡ ಹುಡುಗಿಗೆ ಹಾಕಿ ಮುಂದೆ ಹೋದ. ಕುಶಾಲನಗರದವಳು ಅತ್ತುಬಿಟ್ಟಳು.

ನಮ್ಮ ನಾಲಿಗೆಗೆ ಒಗ್ಗುವ ಊಟ

ಕೊಡಗಿನವರಿಗೆ ಲಾವೋಸ್‌ನ ಊಟ ಅಪರಿಚಿತವೆನಿಸುವುದಿಲ್ಲ. ಹಂದಿಮಾಂಸ, ಹೊಳೆಮೀನು, ಕಾಡಿನ ಸೊಪ್ಪು, ಅಣಬೆ, ಎಲ್ಲಕ್ಕೂ ಮಿಗಿಲಾಗಿ ಬೈಂಬಳೆ, ಅಂದರೆ ಕಳಲೆ. ಮಳೆಗಾಲದ ಕಕ್ಕಡ ಮಾಸದಲ್ಲಿ ಕಳಲೆ ಹೆಚ್ಚಿ ನೀರಲ್ಲಿ ನೆನೆಹಾಕುವಾಗ ಬರುವ ಹುಳಿವಾಸನೆ ಬೆಳಗಿನ ಸಂತೆಯಲ್ಲಿ ಮೂಗಿಗೆ ಬಡಿದಾಗ ನಾವು ನಾಲ್ವರೂ ಒಟ್ಟಿಗೆ ತಿರುಗಿ ನೋಡಿದೆವು. ಆ ಸಂತೆಗೆ ಆರೂವರೆಗೆಲ್ಲ ಹೋಗಬೇಕು, ತಡವಾದರೆ ಹೂವು ಸೊಪ್ಪು ಬಾಡಿರುತ್ತವೆ.

ಅಂಟಕ್ಕಿ ಅನ್ನವನ್ನು ಬಿದಿರಿನ ಶಂಕುವಿನಲ್ಲಿ ಹಬೆಗೆ ಬೇಯಿಸಿ, ಮುಚ್ಚಳವಿರುವ ಸಣ್ಣ ಬಿದಿರ ಬುಟ್ಟಿಯಲ್ಲಿ ಕೊಡುತ್ತಾರೆ. ನಮ್ಮ ಅಕ್ಕಿಯುಂಡೆ ಕಡಂಬುಟ್ಟು ಮುರಿದು ತಿನ್ನುವ ಕೈಗೆ ಇದು ಕಷ್ಟವಲ್ಲ: ಬಲಗೈಯಲ್ಲಿ ಸ್ವಲ್ಪ ತೆಗೆದು ಮೂರು ಬೆರಳಿನಿಂದ ಒತ್ತಿ ಉಂಡೆ ಮಾಡಿ, ಮೆಣಸಿನ ಚಟ್ನಿಗೆ ಅದ್ದಿ ತಿನ್ನಬೇಕು. ಊಟವಾದ ಮೇಲೆ ಬುಟ್ಟಿಯ ಮುಚ್ಚಳ ಹಾಕಿಯೇ ಏಳಬೇಕು, ಇಲ್ಲವಾದರೆ ಅಪಶಕುನ ಎನ್ನುತ್ತಾರೆ. ಜಿಯೊ ಬೋಂಗ್ ಎಂಬ ಸಿಹಿಖಾರದ ಚಟ್ನಿಯಲ್ಲಿ ಎಮ್ಮೆಯ ಚರ್ಮದ ತುಣುಕುಗಳಿರುತ್ತವೆ, ತಿನ್ನದವರು ಮೊದಲೇ ಕೇಳಿಕೊಳ್ಳಿ. ಹೊಳೆಯ ಪಾಚಿಯನ್ನು ಹಾಳೆಯಂತೆ ಒಣಗಿಸಿ, ಎಳ್ಳು ಉದುರಿಸಿ ಕರಿದ ಖೈ ಪೆನ್ ಗರಿಗರಿಯಾಗಿರುತ್ತದೆ. ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ಮೀನು, ಮೋಕ್ ಪಾ, ನಾನು ಮೂರು ಸಲ ತಿಂದೆ.

ಸುಂಟಿಕೊಪ್ಪದವಳು ಸಸ್ಯಾಹಾರಿ. ಅವಳಿಗೆ ಕಷ್ಟವಾಯಿತು, ಏಕೆಂದರೆ ಪಾದೇಕ್ ಎಂಬ ಹುದುಗಿಸಿದ ಮೀನಿನ ರಸ ಬಹುತೇಕ ಎಲ್ಲದರಲ್ಲೂ ಬೀಳುತ್ತದೆ. 'ಕಿನ್ ಜೇ' ಎಂದರೆ ಸಸ್ಯಾಹಾರ ಉಣ್ಣುತ್ತೇನೆ, 'ಬೊ ಸೈ ಪಾದೇಕ್' ಎಂದರೆ ಪಾದೇಕ್ ಹಾಕಬೇಡಿ. ಈ ಎರಡನ್ನು ಲಾವೊ ಲಿಪಿಯಲ್ಲಿ ಬರೆಸಿಕೊಂಡು ಚೀಟಿ ಇಟ್ಟುಕೊಂಡ ಮೇಲೆ ಅವಳು ಹೊಟ್ಟೆತುಂಬ ಉಂಡಳು. ನಮಸ್ಕಾರಕ್ಕೆ 'ಸಬಾಯ್ ದೀ', ಉಪಕಾರವಾಯಿತು ಎನ್ನಲು 'ಖೋಪ್ ಚಾಯ್', ಎಷ್ಟು ಎನ್ನಲು 'ತಾವ್ ದಾಯ್'.

ಕಾಫಿ ಕುಡಿಯಲೇಬೇಕು. ದಕ್ಷಿಣದ ಬೊಲವೆನ್ ಪ್ರಸ್ಥಭೂಮಿಯಲ್ಲಿ ಫ್ರೆಂಚರ ಕಾಲದಿಂದ ಬೆಳೆಯುತ್ತಾರೆ, ನಮ್ಮಂತೆ ರೊಬಸ್ಟಾ, ಅರೇಬಿಕಾ ಎರಡನ್ನೂ. ಗಾಜಿನ ಲೋಟದ ತಳದಲ್ಲಿ ಎರಡು ಬೆರಳು ಗಟ್ಟಿಹಾಲು, ಅದರ ಮೇಲೆ ಕಪ್ಪು ಡಿಕಾಕ್ಷನ್, ಕಲಸುವುದು ನಮ್ಮ ಕೆಲಸ. ಮೊದಲ ಗುಟುಕಿಗೇ ರೊಬಸ್ಟಾದ ಆ ಒರಟು ಕಹಿ ಗುರುತು ಸಿಕ್ಕಿತು.

ಉಳಿದ ನೋಟಗಳು, ಕೆಲವು ಎಚ್ಚರಿಕೆಗಳು

ಊರ ನಡುವಿನ ಫೂಸಿ ಗುಡ್ಡಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸೂರ್ಯಾಸ್ತಕ್ಕೆ ಜನ ಕಿಕ್ಕಿರಿಯುತ್ತಾರೆ, ಬೆಳಿಗ್ಗೆ ಹತ್ತಿ. 1560ರ ಸುಮಾರಿಗೆ ಕಟ್ಟಿದ ವಾಟ್ ಸಿಯೆಂಗ್ ಥಾಂಗ್ ಗುಡಿಯ ಮಾಡು ನೆಲ ಮುಟ್ಟುವಷ್ಟು ಬಾಗಿದೆ. ಹಿಂಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ದೊಡ್ಡ ಮರವಿದೆ, ಅದರ ಮುಂದೆ ಕಾಲು ಗಂಟೆ ಕುಳಿತುಕೊಳ್ಳಿ. ನಾಮ್ ಖಾನ್ ಮೇಲೆ ಪ್ರತಿವರ್ಷ ನೀರು ಇಳಿದ ಮೇಲೆ ಬಿದಿರ ಸೇತುವೆ ಕಟ್ಟಿ ಮಳೆಗಾಲಕ್ಕೆ ಮುನ್ನ ಬಿಚ್ಚುತ್ತಾರೆ. ರಾತ್ರಿ ಸಂತೆಯಲ್ಲಿ ನೇಯ್ಗೆಯ ಬಟ್ಟೆ ಚೆನ್ನಾಗಿದೆ, ಚೌಕಾಸಿ ನಗುಮುಖದಿಂದ ಸಾಗಲಿ.

ಕುವಾಂಗ್ ಸಿ ಜಲಪಾತ ಸುಮಾರು 30 ಕಿಲೋಮೀಟರ್ ದೂರ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ನಮ್ಮ ಕೊಡಗಿನ ಇರ್ಪು ಜಲಪಾತದ ನೀರು ತಿಳಿಯಾಗಿ ತಳ ಕಾಣುತ್ತದೆ. ಇಲ್ಲಿನದು ಸುಣ್ಣಕಲ್ಲಿನಿಂದಾಗಿ ಹಾಲು ಬೆರೆಸಿದ ನೀಲಿ. ದಾರಿಯಲ್ಲೇ ಕಳ್ಳಸಾಗಣೆಯಿಂದ ಬಿಡಿಸಿ ತಂದ ಕರಡಿಗಳ ಆಶ್ರಯತಾಣವಿದೆ, ನಿಂತು ನೋಡಿ ಹೋಗಿ. ಸ್ಕೂಟರ್ ಓಡಿಸುವ ಆಸೆಯಿದ್ದರೆ ಮಡಿಕೇರಿಯ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ನಾವು ಹಂಚಿಕೊಂಡು ಹೋಗುವ ವ್ಯಾನನ್ನೇ ಹಿಡಿದೆವು.

ಆನೆ ಸವಾರಿಗೆ ಯಾರು ಕರೆದರೂ ಹೋಗಬೇಡಿ. ಲಾನ್ ಸಾಂಗ್, ಹತ್ತು ಲಕ್ಷ ಆನೆಗಳ ನಾಡು, ಎಂದು ಹೆಸರಿದ್ದ ರಾಜ್ಯವದು. ರಾತ್ರಿ ಕಾಫಿ ಗಿಡಗಳ ನಡುವೆ ಕೊಂಬೆ ಮುರಿಯುವ ಸದ್ದಿಗೆ ಎಚ್ಚರಾಗಿ ಕುಳಿತುಕೊಳ್ಳುವ ನಮಗೆ ಆನೆ ಎಂದರೆ ಭಯವೂ ಹೌದು, ಭಕ್ತಿಯೂ ಹೌದು. ಬೆನ್ನ ಮೇಲೆ ಕಬ್ಬಿಣದ ಕುರ್ಚಿ ಹೊತ್ತು ದಿನವಿಡೀ ಸುತ್ತುವ ಆನೆಯನ್ನು ನೋಡಲಾಗದು.

ಊರಿನಲ್ಲಿ ಸಿಡಿಯದೆ ಉಳಿದ ಬಾಂಬುಗಳ ಬಗ್ಗೆ ತಿಳಿಸುವ ಒಂದು ಕೇಂದ್ರವಿದೆ. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಗದ್ದೆಯಲ್ಲಿ ಗುದ್ದಲಿ ಹಾಕುವ ರೈತರು ಇಂದಿಗೂ ಅವಕ್ಕೆ ಬಲಿಯಾಗುತ್ತಾರೆ. ಅಲ್ಲಿಗೆ ಹೋಗದೆ ಬರಬೇಡಿ. ಹಳ್ಳಿಗಳ ಕಡೆ ನಡೆಯುವಾಗ ಸವೆದ ಕಾಲುದಾರಿ ಬಿಟ್ಟು ಹೆಜ್ಜೆ ಇಡಬೇಡಿ.

ಕುಡಿಯುವವರಿಗೆ ಒಂದು ಮಾತು. ನಾವು ಮನೆಗೆ ಮರಳಿದ ಒಂದೆರಡು ವಾರದೊಳಗೆ, 2024ರ ನವೆಂಬರ್‌ನಲ್ಲಿ, ನಾವು ಹಿಂತಿರುಗಿದ ರೈಲು ಮಾರ್ಗದ ವಾಂಗ್ ವಿಯೆಂಗ್ ಊರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಮಂದಿ ಪ್ರವಾಸಿಗರು ಸತ್ತರು. ಕೆಲವರು ಹದಿಹರೆಯದವರು. ಪುಕ್ಕಟೆ ಕೊಡುವ ಗುಟುಕು, ಲೇಬಲ್ ಇಲ್ಲದ ಬಾಟಲಿ, ಬಕೆಟ್ಟಿನಲ್ಲಿ ಬೆರೆಸಿಕೊಡುವ ಪಾನೀಯ ಯಾವುದನ್ನೂ ಮುಟ್ಟಬೇಡಿ. ಮುಚ್ಚಳ ನಿಮ್ಮೆದುರೇ ತೆರೆದ ಬಿಯರ್ ಸಾಕು. ಮಕ್ಕಳನ್ನು ಕಳಿಸುವ ಅಮ್ಮಂದಿರು ಇದನ್ನು ಮತ್ತೆ ಮತ್ತೆ ಹೇಳಿ ಕಳಿಸಿ.

ಹಿಂತಿರುಗಲು ರೈಲು ಒಳ್ಳೆಯದು. 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್–ಚೀನಾ ರೈಲಿನಲ್ಲಿ ರಾಜಧಾನಿ ವಿಯೆಂಟಿಯಾನ್ ಎರಡು ಗಂಟೆಯ ದಾರಿ. ಟಿಕೆಟ್ ಬೇಗ ಮುಗಿಯುತ್ತದೆ. ನಿಲ್ದಾಣ ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಒಂದು ಗಂಟೆ ಮುಂಚೆಯೇ ತಲುಪಿ. ವಿಯೆಂಟಿಯಾನ್‌ನಿಂದ ಗಡಿ ದಾಟಿ ಥಾಯ್ಲೆಂಡಿನ ಉಡೋನ್ ಥಾನಿಗೆ ಬಸ್ಸು, ಅಲ್ಲಿಂದ ಬ್ಯಾಂಕಾಕ್‌ಗೆ ವಿಮಾನ.

ಗಡಿ ದಾಟುವ ಮುನ್ನ ಕಿಪ್ ಖಾಲಿ ಮಾಡಬೇಕಲ್ಲ. ಕೊನೆಯ ದಿನ ಸಂಚಿ ನನ್ನ ಬಳಿ ಇತ್ತು. ಲುವಾಂಗ್ ಪ್ರಬಾಂಗ್ ಬಿಡುವ ಬೆಳಿಗ್ಗೆ ಸಂತೆಯಲ್ಲಿ ಉಳಿದ ನೋಟುಗಳನ್ನೆಲ್ಲ ಎಣಿಸಿ ನಾಲ್ಕು ಅನ್ನದ ಬುಟ್ಟಿ ಕೊಂಡೆ, ತಲಾ ಒಂದು. ಮನೆಗೆ ಬಂದು ಚೀಲ ಬಿಚ್ಚಿದಾಗ ನನ್ನ ಬುಟ್ಟಿಯೊಳಗೆ ಒಂದು ಹಿಡಿ ಒಣಗಿದ ಅಂಟಕ್ಕಿ ಇತ್ತು. ಅಜ್ಜಿ ಯಾವಾಗ ಹಾಕಿದ್ದರೋ. ಮುಚ್ಚಳ ಭದ್ರವಾಗಿ ಮುಚ್ಚಿತ್ತು.